ಬಿಎಸ್6 ಆರು ಚಕ್ರದ ಟಿಪ್ಪರ್ ತಗೊಳ್ಳೋ ಮುಂಚೆ, ನಿಮ್ಮ ಟ್ರಿಪ್ ಎಷ್ಟು ದೂರ ಅಂತ ನೋಡಿಕೊಳ್ಳಿ

ಗಾಡಿಯ ಕಂಪನಿ ಹೆಸರು ಬರೆಯುವುದಿಲ್ಲ. ನಾನು ಹೇಳಲು ಹೊರಟಿರುವ ಕಾಟ, ಅಂದರೆ ಸೈಲೆನ್ಸರ್ ಒಳಗೆ ಮಸಿ ತುಂಬಿಕೊಳ್ಳುವುದು, ಇವತ್ತಿನ ಎಲ್ಲ ಡೀಸೆಲ್ ಟಿಪ್ಪರ್‌ಗಳಲ್ಲೂ ಹೆಚ್ಚು ಕಡಿಮೆ ಒಂದೇ. ಹಾರ್ಸ್ ಪವರ್, ಟಾರ್ಕ್, ಗೇರ್ ಎಷ್ಟು ಅನ್ನೋದೆಲ್ಲ ಬ್ರೋಷರ್‌ನಲ್ಲಿ ಇದೆ, ಅದನ್ನು ಬಿಡೋಣ. ಗಾಡಿ ತಗೊಂಡು ಮೂರು ವರ್ಷದ ಮೇಲಾಯಿತು, ಇಎಂಐ ಇನ್ನೂ ನಡೆಯುತ್ತಿದೆ. ಈಗ ಬರೆದರೆ ತಗೊಳ್ಳುವವರಿಗೆ ಉಪಯೋಗವಾದೀತು.

ನನ್ನ ಕೆಲಸ ಹೀಗಿದೆ. ಚಿಕ್ಕಬಳ್ಳಾಪುರದ ಕಡೆಯ ಕ್ರಷರ್‌ಗಳಿಂದ ಎಂ ಸ್ಯಾಂಡ್ (ಕಲ್ಲು ಪುಡಿ ಮಾಡಿದ ಮರಳು), 20 ಎಂಎಂ ಜಲ್ಲಿ ತಂದು ದೇವನಹಳ್ಳಿ, ಯಲಹಂಕದ ಸುತ್ತ ಮನೆ ಕಟ್ಟುವವರಿಗೆ ಹಾಕುತ್ತೇನೆ. ಅದು ಕಮ್ಮಿಯಾದಾಗ ಬೇಸ್‌ಮೆಂಟ್ ಮಣ್ಣು ಹೊಡೆಯುತ್ತಿದ್ದೆ. ಹತ್ತು ಚಕ್ರದ ಗಾಡಿ ತಗೊಳ್ಳಿ, ಲಾಭ ಜಾಸ್ತಿ ಅಂತ ಎಲ್ಲರೂ ಹೇಳಿದರು. ಆದರೆ ಮೂವತ್ತು ನಲವತ್ತರ ಸೈಟು, ಎದುರಿಗೆ ಇಪ್ಪತ್ತು ಅಡಿ ರಸ್ತೆ, ಅದರಲ್ಲೂ ಅರ್ಧಕ್ಕೆ ಪಕ್ಕದ ಮನೆಯವರ ಕಾರು. ಅಲ್ಲಿ ಹತ್ತು ಚಕ್ರ ತಿರುಗಿಸುವವರಿಗೆ ನಮಸ್ಕಾರ. ನನಗೆ ಆರು ಚಕ್ರವೇ ಸರಿ ಅನ್ನಿಸಿತು, ಈಗಲೂ ಹಾಗೇ ಅನ್ನಿಸುತ್ತದೆ.

ಈಗ ಆ ಕಾಟದ ವಿಷಯ. ಡ್ಯಾಶ್‌ಬೋರ್ಡಿನಲ್ಲಿ ಒಂದು ಹಳದಿ ದೀಪ ಇದೆ, ಡಿಪಿಎಫ್ ದೀಪ. 2020ರ ಏಪ್ರಿಲ್‌ನಲ್ಲಿ ಬಿಎಸ್6 ಅನ್ನೋ ಹೊಗೆ ನಿಯಮ ಬಂದ ಮೇಲೆ ಸೈಲೆನ್ಸರ್ ಒಳಗೆ ಹೊಗೆಯ ಮಸಿ ಹಿಡಿದಿಡುವ ಫಿಲ್ಟರ್ ಇರುತ್ತದೆ, ಅದೇ ಡಿಪಿಎಫ್. ಗಾಡಿ ಲೋಡಿನಲ್ಲಿ ಒಂದೇ ಸಮ ಓಡಿದರೆ ಸೈಲೆನ್ಸರ್ ಬಿಸಿಯಾಗುತ್ತದೆ, ಮಸಿ ಉರಿದು ಹೋಗುತ್ತದೆ, ನಮಗೆ ಗೊತ್ತೂ ಆಗುವುದಿಲ್ಲ. ಚಿಕ್ಕಬಳ್ಳಾಪುರದಿಂದ ಹೆದ್ದಾರಿ 44ರಲ್ಲಿ ಯಲಹಂಕಕ್ಕೆ ಬರುವಾಗ ಆಗುವುದು ಇದೇ. ಎಂ ಸ್ಯಾಂಡ್ ಹೊಡೆಯುವ ತಿಂಗಳಲ್ಲಿ ಆ ದೀಪ ಮುಖವನ್ನೇ ತೋರಿಸುವುದಿಲ್ಲ.

ಮಣ್ಣಿನ ಕೆಲಸಕ್ಕೆ ಹೋದರೆ ಕಥೆಯೇ ಬೇರೆ. ಜೆಸಿಬಿ ಮುಂದೆ ಕ್ಯೂನಲ್ಲಿ ನಿಲ್ಲಬೇಕು, ತುಂಬಿಸಿಕೊಂಡು ಎರಡನೇ ಗೇರಿನಲ್ಲಿ ಒಂದು ಕಿಲೋಮೀಟರ್ ಹೋಗಿ ತಗ್ಗಿನ ಸೈಟಿಗೆ ಸುರಿಯಬೇಕು, ಖಾಲಿ ವಾಪಸ್ ಬಂದು ಮತ್ತೆ ಎಂಜಿನ್ ಆನ್ ಇಟ್ಟುಕೊಂಡೇ ಕಾಯಬೇಕು. ಎಂಜಿನ್ ಓಡುತ್ತದೆ, ಸೈಲೆನ್ಸರ್ ಬಿಸಿಯಾಗುವುದಿಲ್ಲ. ಮಸಿ ಮಾತ್ರ ತುಂಬುತ್ತದೆ. ಮೊದಲು ದೀಪ ಸುಮ್ನೆ ಹತ್ತಿಕೊಂಡಿರುತ್ತದೆ, ಆಮೇಲೆ ಮಿಣುಕುತ್ತದೆ, ಅದಕ್ಕೂ ಬಗ್ಗದಿದ್ದರೆ ಪಿಕಪ್ ಬಿದ್ದುಹೋಗುತ್ತದೆ. ತುಂಬಿದ ಗಾಡಿ ಬೇಸ್‌ಮೆಂಟ್ ರ‍್ಯಾಂಪಿನ ಅರ್ಧದಲ್ಲಿ ಏದುಸಿರು ಬಿಡುತ್ತಾ ನಿಂತರೆ, ಹಿಂದಿರುವ ನಾಲ್ಕು ಟಿಪ್ಪರ್‌ನವರು ಬೈಯುವುದು ಗಾಡಿಯ ಕಂಪನಿಯನ್ನಲ್ಲ, ನಮ್ಮನ್ನು.

ಆಗ ಮಾಡಬೇಕಾದ್ದು, ಗಾಡಿ ನಿಲ್ಲಿಸಿ, ನ್ಯೂಟ್ರಲ್ ಮಾಡಿ, ಹ್ಯಾಂಡ್‌ಬ್ರೇಕ್ ಹಾಕಿ, ಮಸಿ ಸುಡುವ ಸ್ವಿಚ್, ಅಂದರೆ ರೀಜೆನ್ ಸ್ವಿಚ್ ಒತ್ತುವುದು. ಎಂಜಿನ್ ತಾನೇ ರೇಸ್ ಆಗುತ್ತದೆ, ಅರ್ಧ ಗಂಟೆ ಮುಟ್ಟುವ ಹಾಗಿಲ್ಲ. ನಡುವೆ ನಿಲ್ಲಿಸಿದರೆ ಪೂರ್ತಿ ಆಗಲಿಲ್ಲ ಅಂತಲೇ ಲೆಕ್ಕ. ಒಳಗೆ 600 ಡಿಗ್ರಿ ಹತ್ತಿರ ಬಿಸಿ ಏರುತ್ತದೆ, ಆದ್ದರಿಂದ ಒಣ ಹುಲ್ಲು, ಸೆಂಟ್ರಿಂಗ್ ಹಲಗೆ, ಸಿಮೆಂಟ್ ಚೀಲದ ರಾಶಿ ಇರುವ ಕಡೆ ನಿಲ್ಲಿಸಲೇಬೇಡಿ. ಸೈಟಿನಲ್ಲಿ ಇದ್ಯಾವುದೂ ಇಲ್ಲದ ಜಾಗ ಹುಡುಕುವುದೇ ಒಂದು ಕೆಲಸ. ಶೋರೂಮಿನಲ್ಲಿ ಇದರ ಬಗ್ಗೆ ಒಂದು ಮಾತು ಹೇಳಲಿಲ್ಲ. ಕೀ ಕೊಡುವಾಗ ಹಾರ ಹಾಕಿದರು, ಸ್ವೀಟ್ ಬಾಕ್ಸ್ ಕೊಟ್ಟರು, ಫೋಟೋ ತೆಗೆದರು. ಆ ಸ್ವಿಚ್ ಯಾಕಿದೆ ಅಂತ ನಮ್ಮ ಡ್ರೈವರ್‌ಗೆ ಹೇಳಿಕೊಟ್ಟಿದ್ದು ಕ್ರಷರ್ ಕ್ಯೂನಲ್ಲಿ ಮುಂದೆ ನಿಂತಿದ್ದ ಇನ್ನೊಬ್ಬ ಡ್ರೈವರ್.

ಹೊಗೆ ಶುದ್ಧ ಮಾಡಲು ಸಣ್ಣ ನಾಜಲ್‌ನಿಂದ ಸೈಲೆನ್ಸರ್ ಒಳಗೆ ಚಿಮ್ಮಿಸುವ ಯೂರಿಯಾ ನೀರಿನ ಬಗ್ಗೆ ಜನ ಹೆದರಿಸುತ್ತಾರೆ, ನನಗೆ ಅದು ಅಷ್ಟು ತೊಂದರೆ ಕೊಟ್ಟಿಲ್ಲ. ಡಿಇಎಫ್ ಅಂತ ಬಕೆಟಿನಲ್ಲಿ ಸಿಗುತ್ತದೆ, ಅದರಲ್ಲಿ 32.5 ಪರ್ಸೆಂಟ್ ಯೂರಿಯಾ, ಉಳಿದದ್ದು ಶುದ್ಧ ನೀರು. ಗೊಬ್ಬರದ ಯೂರಿಯಾವನ್ನು ಬೋರ್‌ವೆಲ್ ನೀರಿಗೆ ಕಲಸಿ ಹಾಕಿ ದುಡ್ಡು ಉಳಿಸುವ ಐಡಿಯಾ ಕೊಡುವವರು ಸಿಗುತ್ತಾರೆ. ನಮ್ಮ ಕಡೆಯ ಬೋರ್‌ವೆಲ್ ನೀರಿಗೆ ಸ್ನಾನದ ಮನೆ ನಲ್ಲಿಯೇ ಬೆಳ್ಳಗೆ ಕಟ್ಟಿಕೊಳ್ಳುತ್ತದೆ, ಇನ್ನು ಆ ಸಣ್ಣ ನಾಜಲ್ ಏನಾಗಬೇಕು ಹೇಳಿ. ಬಕೆಟ್ ಬಿಸಿಲಿನಲ್ಲಿ ಇಡಬೇಡಿ, ಹಾಕುವ ಮುಂಚೆ ಮುಚ್ಚಳದ ಸುತ್ತ ಬಟ್ಟೆಯಲ್ಲಿ ಒರೆಸಿ. ಕ್ರಷರ್ ಧೂಳು ಒಳಗೆ ಹೋದರೆ ಅದೂ ಒಂದು ಖರ್ಚು.

ಇಷ್ಟು ಬೈದ ಮೇಲೆ ಒಳ್ಳೆಯದನ್ನೂ ಹೇಳಬೇಕಲ್ವಾ. ಕ್ಯಾಬಿನ್! ಎಸಿ ಬೇಡ, ಸುಮ್ನೆ ಖರ್ಚು ಅಂತ ಮನೆಯಲ್ಲಿ ಜಗಳ ಆಗಿತ್ತು. ಡ್ರೈವರ್ ಹಠ ಹಿಡಿದ, ಹಾಕಿಸಿದೆ. ಮಾರ್ಚ್ ತಿಂಗಳಲ್ಲಿ ಕ್ರಷರ್ ಒಳಗೆ ಕಿಟಕಿ ಮುಚ್ಚಿಕೊಂಡು ಕೂತರೆ ಮೂಗಿಗೆ ಕಲ್ಲಿನ ಪುಡಿ ಹೋಗುವುದಿಲ್ಲ, ಸಂಜೆ ಮನೆಗೆ ಬರುವಾಗ ಮನುಷ್ಯ ಮನುಷ್ಯನ ಬಣ್ಣದಲ್ಲೇ ಇರುತ್ತಾನೆ. ಅವನು ಇನ್ನೂ ನನ್ನ ಹತ್ತಿರವೇ ಇದ್ದಾನೆ. ಒಳ್ಳೆಯ ಡ್ರೈವರ್ ಉಳಿದರೆ ಕ್ಲಚ್ ಉಳಿಯುತ್ತದೆ, ಕಮಾನು ಪಟ್ಟಿ ಉಳಿಯುತ್ತದೆ, ಗಿರಾಕಿಯ ಕಾಂಪೌಂಡೂ ಉಳಿಯುತ್ತದೆ. 2025ರ ಅಕ್ಟೋಬರ್ 1ರಿಂದ ತಯಾರಾಗುವ ಲಾರಿಗಳಿಗೆ ಎಸಿ ಕ್ಯಾಬಿನ್ ಕಡ್ಡಾಯ ಆಗಿದೆ, ಹಾಗಾಗಿ ಹೊಸದು ತಗೊಳ್ಳುವವರಿಗೆ ಈ ಜಗಳ ಇಲ್ಲ. ಒಂದೇ ತೊಡಕು, ಕ್ಯೂನಲ್ಲಿ ಎಸಿಗೋಸ್ಕರ ಎಂಜಿನ್ ಆನ್ ಇಟ್ಟರೆ ಅದೇ ಹಳದಿ ದೀಪ. ನೆರಳು ಇದ್ದರೆ ಆಫ್ ಮಾಡು ಮಾರಾಯ ಅಂತ ಹೇಳುತ್ತೇನೆ. ನೆರಳು ಎಲ್ಲಿದೆ ಅಣ್ಣ, ತೋರಿಸಿ ಅನ್ನುತ್ತಾನೆ.

ಬೆಳಗ್ಗೆ ಅವನು ಗಾಡಿ ನೋಡಿಕೊಳ್ಳುವುದನ್ನು ನೋಡಲು ಖುಷಿ. ಮೊದಲು ಏರ್ ಟ್ಯಾಂಕಿನ ರಿಂಗ್ ಎಳೆದು ನೀರು ಬಿಡುತ್ತಾನೆ, ಬುಸ್ ಅಂತ ಸದ್ದಿಗೆ ಬೀದಿನಾಯಿ ಎದ್ದು ಓಡುತ್ತದೆ. ಆಮೇಲೆ ಜಾಕಿ ರಾಡಿನಿಂದ ಟೈರ್ ಒಂದೊಂದನ್ನೂ ತಟ್ಟಿ ಸದ್ದು ಕೇಳುತ್ತಾನೆ. ಹಿಂದಿನ ಜೋಡಿ ಟೈರುಗಳ ನಡುವೆ ಸಿಕ್ಕಿಕೊಂಡ ಕಲ್ಲು ಇದೆಯಾ ಅಂತ ಬಗ್ಗಿ ನೋಡುವುದು ಎಲ್ಲಕ್ಕಿಂತ ಮುಖ್ಯ. ನಲವತ್ತು ಎಂಎಂ ಜಲ್ಲಿ ಅಲ್ಲಿ ಹೊಕ್ಕಿ ಕೂತರೆ ಎರಡೂ ಟೈರಿನ ಪಕ್ಕೆ ಸೀಳುತ್ತದೆ, ಹೆದ್ದಾರಿಯಲ್ಲಿ ಸಿಡಿದರೆ ಹಿಂದೆ ಬರುವ ಬೈಕಿನವನ ಗತಿ ಏನು. ಬಾಡಿ ಎತ್ತುವ ಪಿನ್ನುಗಳಿಗೆ ಗ್ರೀಸ್, ಕೊನೆಗೆ ಊದಿನಕಡ್ಡಿ. ಅಮಾವಾಸ್ಯೆಗೆ ನಿಂಬೆಹಣ್ಣು ನನ್ನ ಖರ್ಚು.

ಲೋಡಿನ ಲೆಕ್ಕ ಒಂದಿಷ್ಟು. 2018ರಲ್ಲಿ ಆರು ಚಕ್ರದ ಗಾಡಿಯ ಒಟ್ಟು ತೂಕದ ಮಿತಿಯನ್ನು 16.2ರಿಂದ 18.5 ಟನ್‌ಗೆ ಏರಿಸಿದರು. ಗಾಡಿಯ ಸ್ವಂತ ತೂಕ ಕಳೆದರೆ ಮಾಲಿಗೆ ಸಿಗುವುದು ಹನ್ನೊಂದು ಟನ್ ಆಸುಪಾಸು. ನೂರು ಸಿಎಫ್‌ಟಿ (ಘನ ಅಡಿ) ಎಂ ಸ್ಯಾಂಡ್ ನಾಲ್ಕೂವರೆಯಿಂದ ಐದು ಟನ್ ತೂಗುತ್ತದೆ. ಅಂದರೆ ಮುನ್ನೂರು ಸಿಎಫ್‌ಟಿ ಬಾಡಿಯನ್ನು ಅಂಚಿಗೆ ತುಂಬಿಸಿದರೆ ಆಗಲೇ ಓವರ್‌ಲೋಡ್. ಸಿಕ್ಕಿಬಿದ್ದರೆ 20,000 ರೂಪಾಯಿ ದಂಡ, ಮೇಲಿನ ಪ್ರತಿ ಟನ್‌ಗೆ ಇನ್ನೂ 2,000. ಆದರೂ ಗಿರಾಕಿಗೆ ಗೋಪುರ ಕಟ್ಟಿದ ಹಾಗೆ ಕಾಣಬೇಕು! ಸ್ವಲ್ಪ ಒದ್ದೆಯಾದ ಮರಳು ಉಬ್ಬಿಕೊಂಡು ಜಾಸ್ತಿ ಕಾಣುತ್ತದೆ ಅನ್ನುವುದು ಅವರಿಗೆ ಹೇಳಿದರೂ ನಂಬುವುದಿಲ್ಲ. ನಾನು ಈಗ ವೇಬ್ರಿಡ್ಜ್ ಚೀಟಿ ಕೈಗೆ ಕೊಟ್ಟು ಟನ್ ಲೆಕ್ಕದಲ್ಲೇ ದುಡ್ಡು ತಗೊಳ್ಳುತ್ತೇನೆ. ಒಬ್ಬಿಬ್ಬರು ಗಿರಾಕಿಗಳು ಬಿಟ್ಟುಹೋದರು, ಹೋಗಲಿ.

ಸುರಿಯುವಾಗಿನ ಒಂದು ಮಾತು, ಇದು ಯಾವ ಕಂಪನಿ ಗಾಡಿಗಾದರೂ ಸರಿ. ಒದ್ದೆ ಜೇಡಿಮಣ್ಣು ಬಾಡಿಯ ಮುಂಭಾಗಕ್ಕೆ ಅಂಟಿಕೊಂಡು ಕೂರುತ್ತದೆ. ಪೂರ್ತಿ ಎತ್ತಿ ಜರ್ಕ್ ಕೊಟ್ಟು ಬೀಳಿಸಲು ಹೋಗಬೇಡಿ, ಒಂದು ಪಕ್ಕದ ಟೈರ್ ಹೊಸ ಮಣ್ಣಿನಲ್ಲಿ ಇಳಿದರೆ ಗಾಡಿಯೇ ಮಗುಚುತ್ತದೆ. ಇಳಿಸಿ, ಸಲಿಕೆಯಲ್ಲಿ ಕೆರೆಯಿರಿ. ಎತ್ತುವ ಮುಂಚೆ ಮೇಲೆ ಕರೆಂಟ್ ವೈರ್ ನೋಡಿ.

ಮತ್ತೆ ತಗೊಳ್ಳುತ್ತೀರಾ ಅಂತ ಕೇಳಿದರೆ, ಕ್ರಷರ್ ಕೆಲಸಕ್ಕೆ ಹೌದು, ಇದನ್ನೇ. ನಿಮ್ಮದು ಬರೀ ಲೇಔಟ್ ಒಳಗಿನ ಮಣ್ಣು, ಎರಡು ಕಿಲೋಮೀಟರ್ ಓಡಾಟ ಅಂದರೆ ಇದಕ್ಕೆ ಇಎಂಐ ಕಟ್ಟಬೇಡಿ. ಒಳ್ಳೆಯ ಹಳೆಯ ಬಿಎಸ್4 ಗಾಡಿ ನೋಡಿ, ಎಂಟು ವರ್ಷ ದಾಟಿದ್ದರೆ ಎಫ್‌ಸಿ (ಫಿಟ್‌ನೆಸ್ ಸರ್ಟಿಫಿಕೇಟ್) ಪ್ರತಿ ವರ್ಷ ಅನ್ನುವುದು ನೆನಪಿರಲಿ. ಇಲ್ಲವೇ ಟ್ರ್ಯಾಕ್ಟರ್ ಬಾಡಿಗೆಗೆ ಹಿಡಿಯಿರಿ. ಈಗ ನಾನು ಮಾಡುತ್ತಿರುವುದೂ ಅದೇ, ಮಣ್ಣಿನ ಕೆಲಸ ಬಂದರೆ ಊರಿನ ಟ್ರ್ಯಾಕ್ಟರ್‌ನವರಿಗೆ ಒಪ್ಪಿಸಿ ಕಮಿಷನ್ ಇಟ್ಟುಕೊಳ್ಳುತ್ತೇನೆ. ಹೊಸದನ್ನೇ ತಗೊಳ್ಳುವುದಾದರೆ ಟೆಸ್ಟ್ ಡ್ರೈವ್ ದಿನ ರೀಜೆನ್ ಸ್ವಿಚ್ ಎಲ್ಲಿದೆ, ಡ್ರೈವರ್ ಒತ್ತಬಹುದಾ ಇಲ್ಲಾ ಲ್ಯಾಪ್‌ಟಾಪ್ ಹಾಕಲು ಸರ್ವೀಸ್ ಸೆಂಟರ್‌ಗೇ ಹೋಗಬೇಕಾ ಅಂತ ಕೇಳಿ, ನಿಮ್ಮ ಡ್ರೈವರ್‌ನನ್ನೂ ಪಕ್ಕದಲ್ಲಿ ನಿಲ್ಲಿಸಿಕೊಳ್ಳಿ. ಸ್ವೀಟ್ ಬಾಕ್ಸ್ ಆಮೇಲೆ ತಗೊಂಡರಾಯಿತು.