ಹದಿನಾಲ್ಕು ತಿಂಗಳ ಸರ್ಕ್ಯುಲೇಟಿಂಗ್ ಲೈಬ್ರರಿ: ಪುಸ್ತಕ ಚೆನ್ನ, ಹೊಲಿಗೆ ಕಷ್ಟ

ಮೈಸೂರಿನ ಕುವೆಂಪುನಗರದ ಕಡೆ ಇರುವ ಒಂದು ಸರ್ಕ್ಯುಲೇಟಿಂಗ್ ಲೈಬ್ರರಿ ಇದು. ಠೇವಣಿ 500 ರೂಪಾಯಿ, ತಿಂಗಳಿಗೆ 150, ಒಂದು ಸಲಕ್ಕೆ ಎರಡು ಪುಸ್ತಕ, ಗಡುವು 15 ದಿನ. ಕನ್ನಡ ಕಾದಂಬರಿಗಳ ಸಂಗ್ರಹ ದೊಡ್ಡದು, ಅಲ್ಲಿಯವರ ಮಾತೂ ಮೃದು. ಅದೆಲ್ಲ ಒಮ್ಮೆ ಹೋಗಿ ಬಂದರೆ ತಿಳಿಯುತ್ತದೆ. ತಿಂಗಳುಗಟ್ಟಲೆ ಬಳಸಿದ ಮೇಲೆ ಮಾತ್ರ ತಿಳಿಯುವ ಸಂಗತಿ ಪುಸ್ತಕದ ಬೆನ್ನಿನದು.

ಮೊದಲು ಓದಿನ ಲೆಕ್ಕ. ಶಾಲೆಗೆ ಹೋಗುವ ಮಕ್ಕಳಿರುವ ಮನೆಯಲ್ಲಿ 'ತಿಂಗಳಿಗೆ ನಾಲ್ಕು ಪುಸ್ತಕ' ಎಂದು ಪಟ್ಟಿ ಹಾಕಿದರೆ ಎರಡನೇ ವಾರಕ್ಕೇ ಕೈಕೊಡುತ್ತದೆ. ಪುಸ್ತಕ ಎಣಿಸಬಾರದು, ಪುಟ ಎಣಿಸಬೇಕು. ಬೇಳೆ ಕುಕ್ಕರಿಗಿಟ್ಟು ಮೂರು ಕೂಗು ಬರುವಷ್ಟರಲ್ಲಿ ಡೆಮಿ 1/8 ಅಳತೆಯ, ಅಂದರೆ ಸಾಮಾನ್ಯ ಕಾದಂಬರಿಯ ಗಾತ್ರದ, ಆರೇಳು ಪುಟ ಆಗುತ್ತದೆ. ರಾತ್ರಿ ಒಲೆಕಟ್ಟೆ ಒರೆಸಿದ ಮೇಲಿನ ಅರ್ಧ ಗಂಟೆಗೆ ಹದಿಮೂರು, ಹದಿನಾಲ್ಕು. ದಿನಕ್ಕೆ 20 ಎಂದಿಟ್ಟುಕೊಳ್ಳಿ. ಜ್ವರ, ಪರೀಕ್ಷೆ, ನೆಂಟರು ಅಂತ ಎಂಟು ದಿನ ಬಿಟ್ಟರೂ 22 ದಿನಕ್ಕೆ 440 ಪುಟ. 280 ಪುಟದ ಒಂದು ಕಾದಂಬರಿ, 150ರ ಆಸುಪಾಸಿನ ಒಂದು ಕಥಾಸಂಕಲನ ತಂದರೆ ತಿಂಗಳು ಸರಿಹೋಯಿತು. ದಸರಾ ತಿಂಗಳಿಗೆ ಮಾತ್ರ ತೆಳುವಾದ ಒಂದೇ ಪುಸ್ತಕ ಸಾಕು. ಸರಸ್ವತಿ ಪೂಜೆಗೆ ಇಟ್ಟ ಪುಸ್ತಕವನ್ನು ವಿಜಯದಶಮಿಯವರೆಗೆ ತೆಗೆದು ಓದುವಂತಿಲ್ಲ, ಬಾಡಿಗೆ ಪುಸ್ತಕವೂ ಅಲ್ಲೇ ಕೂತಿರುತ್ತದೆ. ದಂಡ ಬೀಳದಿರಲು ಪೂಜೆಗೆ ಮುಂಚೆಯೇ ಗಡುವು ಮುಂದಕ್ಕೆ ಹಾಕಿಸಿಕೊಳ್ಳಿ.

ಈಚೆಗೆ ಮುಗಿದವುಗಳಲ್ಲಿ ತೇಜಸ್ವಿಯವರ 'ಕರ್ವಾಲೊ' (1980) ಕುಕ್ಕರಿನ ಹೊತ್ತಿಗೆ ಹೇಳಿಮಾಡಿಸಿದಂತಿದೆ. ಎಲ್ಲಿ ನಿಲ್ಲಿಸಿದರೂ ಎಳೆ ತಪ್ಪುವುದಿಲ್ಲ. ತ್ರಿವೇಣಿಯವರ 'ಶರಪಂಜರ' ಹಾಗಲ್ಲ. ಹೆರಿಗೆಯ ನಂತರ ಮನಸ್ಸಿನ ಕಾಯಿಲೆಗೆ ಬಿದ್ದು, ಗುಣವಾಗಿ ಬಂದರೂ ಮನೆಯವರ ಅನುಮಾನದ ಕಣ್ಣಿನಿಂದ ಬಿಡುಗಡೆ ಸಿಗದ ಹೆಣ್ಣಿನ ಕಥೆ ಅದು. ಸಾರಿಗೆ ಒಗ್ಗರಣೆ ಹಾಕುತ್ತಾ ಓದುವಂಥದ್ದಲ್ಲ, ರಾತ್ರಿಯ ಅರ್ಧ ಗಂಟೆಗೇ ಮೀಸಲಿಡಿ.

ತೊಡಕು ಶುರುವಾಗುವುದು 'ಮಲೆಗಳಲ್ಲಿ ಮದುಮಗಳು' (1967) ಕೈಗೆ ಬಂದಾಗ. ಸುಮಾರು 700 ಪುಟವೆಂದರೆ ಮೇಲಿನ ಲೆಕ್ಕದಲ್ಲಿ ಒಂದೂವರೆ ತಿಂಗಳು ದಾಟುತ್ತದೆ, ಗಡುವನ್ನು ಮೂರು ಸಲ ಮುಂದೂಡಿಸಬೇಕು. ಅದು ದೊಡ್ಡ ಮಾತಲ್ಲ. ಪುಸ್ತಕ ತೆರೆಯುವುದೇ ಇಲ್ಲ, ಅದು ದೊಡ್ಡ ಮಾತು.

ಕಾರಣ ಇಷ್ಟು. ಈಗಿನ ಹೆಚ್ಚಿನ ಪುಸ್ತಕಗಳು ಪರ್ಫೆಕ್ಟ್ ಬೈಂಡಿಂಗ್‌ನವು. ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದ ಕಟ್ಟಿಗೆ ಫಾರಂ ಎನ್ನುತ್ತಾರೆ. ಆ ಫಾರಂಗಳ ಮಡಿಕೆಯನ್ನು ಬೆನ್ನಿನ ಕಡೆ ಸವೆಸಿ, ಬಿಡಿಯಾದ ಹಾಳೆಗಳಿಗೆ ಬಿಸಿ ಅಂಟು ಹಚ್ಚಿ ರಕ್ಷಾಪುಟ ಕೂರಿಸುತ್ತಾರೆ. ವರ್ಷ ಕಳೆದಂತೆ ಅಂಟು ಗಡುಸಾಗುತ್ತದೆ. ಹತ್ತಾರು ಜನ ಹಿಮ್ಮಡಚಿ ಓದಿದ ಮೇಲೆ ಬೆನ್ನು ಸೀಳಿ ಹಾಳೆ ಉದುರುತ್ತವೆ. ಆಗ ಲೈಬ್ರರಿಯವರು ರಟ್ಟು ಹಾಕಲು ಬೈಂಡರಿಗೆ ಕೊಡುತ್ತಾರೆ. ಬೈಂಡರು ಬೆನ್ನಿನಿಂದ ಒಂದು ಸೆಂಟಿಮೀಟರ್ ಒಳಗೆ ತೂತು ಹೊಡೆದು ಪಕ್ಕದಿಂದ ದಾರ ಎಳೆಯುತ್ತಾರೆ. ಗಟ್ಟಿ ಏನೋ ಆಗುತ್ತದೆ. ಆದರೆ ಪುಟದ ಒಳಅಂಚು ಇರುವುದೇ ಒಂದೂವರೆ ಸೆಂಟಿಮೀಟರಿನಷ್ಟು. ಎಡಪುಟದ ಸಾಲಿನ ಕೊನೆಯೂ ಬಲಪುಟದ ಸಾಲಿನ ಮೊದಲೂ ಸಂದಿಗೆ ಇಳಿದುಬಿಡುತ್ತವೆ. ಕನ್ನಡದಲ್ಲಿ ಎಡಪುಟದ ನಷ್ಟವೇ ಹೆಚ್ಚು. ನಮ್ಮ ಮಾತಿನ ತೀರ್ಮಾನವೆಲ್ಲ ಕ್ರಿಯಾಪದದ ಬಾಲದಲ್ಲಿ. ಹೇಳಿದ್ದು ಅವನೋ ಅವಳೋ, ಬಂದಾಯಿತೋ ಬರಲಿಲ್ಲವೋ, ಆ ಕೊನೆಯ ಎರಡು ಅಕ್ಷರ ಸಂದಿಯೊಳಗೆ. ಅಷ್ಟೊಂದು ಪಾತ್ರಗಳಿರುವ ಕಾದಂಬರಿಯಲ್ಲಿ ಇದು ಸಹಿಸುವ ಮಾತಲ್ಲ. ಕುವೆಂಪು ಅವರಂಥವರ ಗದ್ಯವನ್ನು ಹೆಬ್ಬೆರಳು ನೋಯಿಸಿಕೊಂಡು ಓದುವ ಹಾಗೆ ಮಾಡುವುದು ತಪ್ಪು.

ಬೇರೆ ದಾರಿ ಇದೆ. ಮಡಿಕೆ ಸವೆದ ಪುಸ್ತಕಕ್ಕೆ ಫಾರಂ ಹೊಲಿಗೆ, ಅಂದರೆ ಮಡಿಕೆಯ ನಡುವಿನಿಂದ ದಾರ ಹಾಯಿಸುವ ಹೊಲಿಗೆ, ಮತ್ತೆ ಕೂರುವುದಿಲ್ಲ, ನಿಜ. ಆದರೆ ಹಳೇ ಅಂಟು ಕೆರೆದು, ಹಾಳೆಗಳ ಕಟ್ಟನ್ನು ಬೀಸಣಿಗೆಯಂತೆ ಒಂದು ಪಕ್ಕಕ್ಕೆ ವಾಲಿಸಿ ಬೆನ್ನಿಗೆ ಬಿಳಿ ಅಂಟು ಹಚ್ಚಬೇಕು. ಇನ್ನೊಂದು ಪಕ್ಕಕ್ಕೆ ವಾಲಿಸಿ ಮತ್ತೊಮ್ಮೆ. ಮೇಲೆ ತೆಳು ಬಟ್ಟೆ ಅಂಟಿಸಿ ಒಂದು ರಾತ್ರಿ ಭಾರದ ಕೆಳಗಿಟ್ಟರೆ ಪ್ರತಿ ಹಾಳೆಯ ಅಂಚಿಗೂ ಕೂದಲೆಳೆಯಷ್ಟು ಅಂಟು ಹಿಡಿದಿರುತ್ತದೆ. ಒಣಗಿದರೂ ಬಗ್ಗುತ್ತದೆ, ಒಳಅಂಚು ಪೂರ್ತಿ ಉಳಿಯುತ್ತದೆ. ಇದನ್ನು ಹೇಳಿದ ಮೇಲೆ ಲೈಬ್ರರಿಯವರು ಎರಡು ಪುಸ್ತಕಕ್ಕೆ ಮಾಡಿಸಿ ನೋಡಿದ್ದಾರೆ, ಆರು ತಿಂಗಳಲ್ಲಿ ಒಂದು ಹಾಳೆಯೂ ಕಳಚಿಲ್ಲ. ಲೈಬ್ರರಿಯ ಮೇಲಿನ ನನ್ನ ಮುನಿಸು ಅರ್ಧ ಇಳಿದದ್ದು ಅಲ್ಲಿಗೆ. ರಟ್ಟಿಗೆ ಮೈದಾ ಅಂಟು ಹಾಕುವವರು ಹುಳು ಬೀಳದಿರಲೆಂದು ಮೈಲುತುತ್ತ ಬೆರೆಸುತ್ತಾರೆ, ಅದು ವಿಷ. ಬೆರಳಿಗೆ ಎಂಜಲು ಹಚ್ಚಿ ಪುಟ ತಿರುವಬೇಡಿ, ಮಕ್ಕಳಿಗೂ ಹೇಳಿ.

ಇನ್ನರ್ಧ ಇಳಿಸಿದ್ದು ಪಾರಾಯಣದ ವ್ಯಾಸಪೀಠ. ಪಕ್ಕಹೊಲಿಗೆಯ ಪುಸ್ತಕ ಚಪ್ಪಟೆ ಮಲಗುವುದಿಲ್ಲ, ಪೀಠದ ಎರಡು ಹಲಗೆಗಳ ಓರೆಯಲ್ಲಿ ಮಾತ್ರ ನೆಮ್ಮದಿಯಾಗಿ ಕೂರುತ್ತದೆ. ಎರಡೂ ಬದಿಗೆ ಬಟ್ಟೆ ಒಣಹಾಕುವ ಕ್ಲಿಪ್ ಸಿಕ್ಕಿಸಿ, ಒಲೆಯಿಂದ ಎರಡಡಿ ದೂರವಿಡಿ, ಹಬೆ ತಾಗಿದರೆ ಹಾಳೆ ಸುಕ್ಕಾಗುತ್ತದೆ. ಅವರೆಕಾಯಿ ಕಾಲದಲ್ಲಿ ಇದರ ಸುಖವೇ ಬೇರೆ. ಎರಡು ಕೆ.ಜಿ. ಸುಲಿಯುವಷ್ಟರಲ್ಲಿ ಇಪ್ಪತ್ತು ಪುಟ ಆಗಿರುತ್ತದೆ, ಪುಟ ತಿರುವುವ ಮುನ್ನ ಸೊಗಡಿನ ಕೈಯನ್ನು ಒದ್ದೆ ಬಟ್ಟೆಗೆ, ಆಮೇಲೆ ಒಣ ಬಟ್ಟೆಗೆ ಒರೆಸಿಕೊಂಡರೆ ಸಾಕು. ನೆನೆಸಿದ ಕಾಳು ಹಿದುಕುವಾಗ ಮಾತ್ರ ಪುಸ್ತಕ ಬೇಡ.

ಸದಸ್ಯತ್ವ ಮುಂದುವರಿಯುತ್ತದೆ. ತಿಂಗಳಿಗೆ 150 ರೂಪಾಯಿಗೆ 440 ಪುಟ ಅಗ್ಗವೇ. 400 ಪುಟ ಮೀರಿದ್ದನ್ನು ಮಾತ್ರ ಅಲ್ಲಿಂದ ತರುವುದಿಲ್ಲ, ಅಂಗಡಿಯಲ್ಲಿ ಫಾರಂ ಹೊಲಿಗೆಯ ಪ್ರತಿ ಹುಡುಕಿ ಕೊಳ್ಳುವುದು. ಮಿಕ್ಕವನ್ನು ಹೆಸರು ಬರೆಸುವ ಮೊದಲು ನಡುಭಾಗಕ್ಕೆ ತೆರೆದು ಮೇಜಿನ ಮೇಲಿಟ್ಟು ಕೈ ತೆಗೆಯಿರಿ. ತಟ್ಟನೆ ಮುಚ್ಚಿಕೊಂಡರೆ ಅದೇ ಪುಸ್ತಕದ ಇನ್ನೊಂದು ಪ್ರತಿ ಕೇಳಿ, ಹಿಂದಿನ ಕಪಾಟಿನಲ್ಲಿ ಎಷ್ಟೋ ಸಲ ಇರುತ್ತದೆ.