ಗದ್ದೆ ಅಳತೆಗೆ ಬೇಸ್: ಹ್ಯಾಂಡ್‌ಹೆಲ್ಡ್ ಜಿಪಿಎಸ್ಸೋ, ಎಫ್9ಪಿ ಬೋರ್ಡೋ?

ಗಂಗಾವತಿ, ಸಿಂಧನೂರು ಕಡೆ ಗದ್ದೆ ಅಳೆಯೋರು ಬೇಸ್ (ಒಂದೇ ಕಡೆ ನಿಂತು, ಅಳೆಯೋಕೆ ಓಡಾಡಿಸೋ ರಿಸೀವರ್‌ಗೆ, ಅಂದರೆ ರೋವರ್‌ಗೆ, ತಿದ್ದುಪಡಿ ಕಳಿಸೋ ರಿಸೀವರ್) ಮಾಡ್ಕೊಳ್ಳೋದಾದರೆ ಯು-ಬ್ಲಾಕ್ಸ್ ಝಡ್‌ಇಡಿ-ಎಫ್9ಪಿ ಅನ್ನೋ ಜಿಪಿಎಸ್ ರಿಸೀವರ್ ಬೋರ್ಡನ್ನೇ ತಗೊಳ್ಳಿ. ಮನೆಯಲ್ಲಿರೋ ಹ್ಯಾಂಡ್‌ಹೆಲ್ಡ್ ಜಿಪಿಎಸ್ಸನ್ನೇ ಬೇಸ್ ಮಾಡೋ ಆಸೆ ಬಿಡಿ.

ಚಾರಣದ ಹ್ಯಾಂಡ್‌ಹೆಲ್ಡ್ ಹೊರಗೆ ಕೊಡೋದು ಲೆಕ್ಕ ಮುಗಿಸಿದ ಅಕ್ಷಾಂಶ, ರೇಖಾಂಶ ಮಾತ್ರ. ರೋವರ್‌ಗೆ ಬೇಕಾದ್ದು ಒಂದೊಂದು ಉಪಗ್ರಹದ ಕಚ್ಚಾ ಅಳತೆ. ಹಳೇ ಮಾಡೆಲ್‌ಗಳಲ್ಲಿ ಕಾಣೋ ಆರ್‌ಟಿಸಿಎಂ (ತಿದ್ದುಪಡಿ ಸಂದೇಶದ ನಮೂನೆ) ಆಯ್ಕೆ ಇರೋದು ತಿದ್ದುಪಡಿ ತಗೊಳ್ಳೋಕೆ, ಕೊಡೋಕಲ್ಲ. ಸ್ಥಾನ ಗೊತ್ತಿರೋ ಕಲ್ಲಿನ ಮೇಲಿಟ್ಟು ವ್ಯತ್ಯಾಸ ಕಳೆದರೂ ಪ್ರಯೋಜನವಿಲ್ಲ: ಎರಡು ರಿಸೀವರ್ ಬೇರೆ ಬೇರೆ ಉಪಗ್ರಹ ಹಿಡಿದಿದ್ದರೆ ತಪ್ಪೂ ಬೇರೆ ಬೇರೆ.

ಸರ್ವೇ ಆಫ್ ಇಂಡಿಯಾದ ಕಾರ್ಸ್ ಜಾಲ (ಇಂಟರ್ನೆಟ್ ಮೂಲಕ ತಿದ್ದುಪಡಿ ಕೊಡೋ ಕಾಯಂ ಬೇಸ್‌ಗಳು) ಒಳ್ಳೇದೇ, ಮೊಬೈಲ್ ಡೇಟಾ ಇದ್ದ ಕಡೆ. ಆನೆಗೊಂದಿ ಬಂಡೆಗಳ ಸಂದಿಯಲ್ಲಿ ಸಿಗ್ನಲ್ ಹೋದರೆ ಅದೂ ಹೋಯ್ತು.

ಎಫ್9ಪಿಯಲ್ಲಿ ಕಾಡೋದು ಒಂದೇ, ಕರೆಂಟು. ತಿದ್ದುಪಡಿ ಕಳಿಸೋ ರೇಡಿಯೋ ಬಿಟ್ಟರೆ ಬೋರ್ಡ್ ಎಳೆಯೋದು 100 ಮಿಲಿಆಂಪ್ ಆಸುಪಾಸು. ಎಷ್ಟೋ ಪವರ್ ಬ್ಯಾಂಕ್‌ಗಳು ಇಷ್ಟು ಕಡಿಮೆ ಲೋಡ್ ಕಂಡರೆ ಫೋನ್ ಚಾರ್ಜ್ ಆಯ್ತು ಅಂತ ಬಂದಾಗಿಬಿಡ್ತವೆ. ಮತ್ತೆ ಆನ್ ಮಾಡಿದರೆ ಬೋರ್ಡ್ ಸರ್ವೇ-ಇನ್ (ಅಳತೆಗಳ ಸರಾಸರಿ ತೆಗೆದು ತನ್ನ ಸ್ಥಾನ ಕಂಡುಕೊಳ್ಳೋದು) ಅನ್ನು ಮೊದಲಿಂದ ಶುರು ಮಾಡುತ್ತೆ. ಹೊಸ ಸರಾಸರಿ ಹಳೇದಕ್ಕಿಂತ ಒಂದು ಮೀಟರ್ ಆಚೀಚೆ ಆಗಬಹುದು. ರೋವರ್ ಆಗಲೂ ‘ಫಿಕ್ಸ್’ (ಅಳತೆ ಪಕ್ಕಾ) ಅಂತಲೇ ತೋರಿಸುತ್ತೆ, ಹಾಗಾಗಿ ಬೆಳಗಿನ ಬದುವಿಗೂ ಮಧ್ಯಾಹ್ನದ ಬದುವಿಗೂ ತಾಳೆಯಾಗದ್ದು ನಕ್ಷೆ ಹಾಕೋವರೆಗೆ ತಿಳಿಯೋದೇ ಇಲ್ಲ.

ಪರಿಹಾರ ಎರಡು, ಎರಡೂ ಮಾಡಿ. 5 ವೋಲ್ಟ್ ಲೈನಿಗೂ ಗ್ರೌಂಡಿಗೂ ನಡುವೆ 47 ಓಮ್, 2 ವ್ಯಾಟ್ ರೆಸಿಸ್ಟರ್ ಅಡ್ಡ ಹಾಕಿದರೆ ಇನ್ನೊಂದು 100 ಮಿಲಿಆಂಪ್ ಲೋಡ್ ಸಿಗುತ್ತೆ. ಆಗಲೂ ಪವರ್ ಬ್ಯಾಂಕ್ ಬಂದಾಗ್ತಿದ್ದರೆ 12 ವೋಲ್ಟ್ 7 ಎಎಚ್ ಬ್ಯಾಟರಿಗೆ ಬಕ್ ಕನ್ವರ್ಟರ್ (ವೋಲ್ಟೇಜ್ ಇಳಿಸೋ ಸರ್ಕ್ಯೂಟ್) ಹಚ್ಚಿ. ಎರಡನೇದು, ಮೊದಲ ಸರ್ವೇ-ಇನ್ ಮುಗಿದ ಕೂಡಲೇ ಬಂದ ಸ್ಥಾನವನ್ನು ಯು-ಬ್ಲಾಕ್ಸ್ ಸಾಫ್ಟ್‌ವೇರ್ ಆದ ಯು-ಸೆಂಟರ್‌ನಲ್ಲಿ ‘ಫಿಕ್ಸ್ಡ್ ಮೋಡ್’ಗೆ (ಬೇಸ್ ಸ್ಥಾನ ಬದಲಾಗದ ಸೆಟ್ಟಿಂಗ್) ಬರೆದು ಫ್ಲ್ಯಾಶ್‌ಗೆ ಸೇವ್ ಮಾಡಿ. ಫ್ಲ್ಯಾಶ್‌ಗೆ ಹೋಗದಿದ್ದರೆ ಕರೆಂಟ್ ಹೋದ ಕ್ಷಣ ಅದೂ ಹೋಗುತ್ತೆ.

ಬೇಸ್ ರೋವರ್‌ಗೆ ಕಳಿಸಬೇಕಾದ ಆರ್‌ಟಿಸಿಎಂ ಸಂದೇಶಗಳ ನಂಬರು 1005, 1074, 1084, 1094, 1124. ರಷ್ಯಾದ ಗ್ಲೊನಾಸ್ ಉಪಗ್ರಹಗಳಿಗಾಗಿ 1230 ಮರೀಬೇಡಿ. ರೇಡಿಯೋ 865–868 ಮೆಗಾಹರ್ಟ್ಸ್‌ದೇ ಇರಲಿ, ನಮ್ಮಲ್ಲಿ ಲೈಸೆನ್ಸ್ ಬೇಡದ ಫ್ರೀಕ್ವೆನ್ಸಿ ಪಟ್ಟಿ ಅದು. ಎರೆಭೂಮಿಯಲ್ಲಿ ಟ್ರೈಪಾಡ್ ಕಾಲು ನಿಧಾನಕ್ಕೆ ಇಳಿಯುತ್ತೆ. ಕಾಲಿಗೆ ಕಡಪಾ ಚೂರು ಕೊಡಿ, ಇಲ್ಲವೇ ಪಂಪ್‌ಹೌಸಿನ ಆರ್‌ಸಿಸಿ ಮೇಲಿಡಿ.

ನನ್ನ ಕೆಲಸ ಬೇಸಿನಿಂದ ನಾಲ್ಕೈದು ಕಿಲೋಮೀಟರ್ ಒಳಗಿನದು, ರೆಡಿಮೇಡ್ ಸರ್ವೆ ಸೆಟ್ಟಿಗೆ ದುಡ್ಡು ಹಾಕೋ ಮನಸ್ಸಿಲ್ಲ. ಅದಕ್ಕೇ ನನಗೆ ಎಫ್9ಪಿ. ನೆಟ್‌ವರ್ಕ್ ಚೆನ್ನಾಗಿರೋ ಬಳ್ಳಾರಿ ಪೇಟೆಯೊಳಗಷ್ಟೇ ಅಳೆಯೋರು ಕಾರ್ಸ್ ಹಾಕ್ಕೊಂಡು ರೋವರ್ ಒಂದನ್ನೇ ಕೊಂಡರೆ ಸಾಕು.