ತಾಳಮದ್ದಳೆ ಕೇಳಲು ಯಾವ ಸ್ಟೀರಿಯೊ: ಒಂದೇ ಕಾರಿನಲ್ಲಿ ನಾಲ್ಕು ಪ್ರಯೋಗ

ನೀರ್ಚಾಲಿನಿಂದ ಮಂಗಳೂರಿಗೆ ನಮ್ಮ ಕಾರು ವಾರಕ್ಕೊಮ್ಮೆಯಾದರೂ ಹೋಗಿ ಬರುತ್ತದೆ. ಸೀತಾಂಗೋಳಿ ದಾಟಿ, ಕುಂಬಳೆಯಲ್ಲಿ ಹೆದ್ದಾರಿ ಹಿಡಿದು, ತಲಪಾಡಿಯ ಗಡಿ ಬರುವವರೆಗೆ ಅಪ್ಪ ಸೀಟಿಗೆ ತಲೆಯಾನಿಸಿ ತಾಳಮದ್ದಳೆ ಕೇಳುತ್ತಾರೆ. ವೇಷ, ಕುಣಿತಗಳಿಲ್ಲದೆ ಕುಳಿತು ಹಾಡು, ಮಾತುಗಳಲ್ಲೇ ನಡೆಸುವ ಯಕ್ಷಗಾನ ಅದು. ರೇಡಿಯೊದಲ್ಲಿ ಬಂದರೆ ಮಂಗಳೂರು ಆಕಾಶವಾಣಿಯದು, ಇಲ್ಲದಿದ್ದರೆ ಪೆನ್‌ಡ್ರೈವಿನಲ್ಲಿ ನಾನು ತುಂಬಿಸಿಟ್ಟ ಹಳೆಯ ಕೂಟಗಳು. ಅವುಗಳಲ್ಲಿ ಹೆಚ್ಚಿನವು ಕ್ಯಾಸೆಟ್ಟಿನಿಂದ ಇಳಿಸಿಕೊಂಡವು. ಒಂದೇ ಮೈಕಿನಲ್ಲಿ ಹಿಡಿದ ದನಿ, ಹಿಂದೆ ಸಭೆಯ ಕೆಮ್ಮು, ಹಂಚಿನ ಮೇಲೆ ಬೀಳುವ ಮಳೆಯ ಸದ್ದು. ಆ ಗದ್ದಲದ ನಡುವೆ ಪಾತ್ರದ ಮಾತು ಆಡುವ ಅರ್ಥಧಾರಿ ಎದುರಾಳಿಯ ಬಾಯಿಂದ ಬಂದ ಒಂದು ಪದವನ್ನು ಎತ್ತಿಕೊಂಡು, ತುಸು ತಡೆದು, ಬೇರೆಯೇ ಅರ್ಥಕ್ಕೆ ತಿರುಗಿಸುತ್ತಾರೆ. ಆ ಪದ ಕಿವಿಗೆ ಬೀಳದಿದ್ದರೆ ಅರ್ಧ ಗಂಟೆಯ ವಾದವೇ ಕೈತಪ್ಪಿ ಹೋಯಿತು.

ಕಾರಿನ ಜೊತೆಗೇ ಬಂದಿದ್ದ ಸ್ಟೀರಿಯೊ ಹತ್ತನೆಯ ಮಳೆಗಾಲದಲ್ಲಿ ಕೈಕೊಟ್ಟಿತು. ಧ್ವನಿ ಏರಿಸಲು ಗುಂಡಿಯನ್ನು ಬಲಕ್ಕೆ ತಿರುಗಿಸಿದರೆ ಒಮ್ಮೆ ಏರುತ್ತಿತ್ತು, ಮತ್ತೊಮ್ಮೆ ಇಳಿಯುತ್ತಿತ್ತು. ಗುಂಡಿಯ ಹಿಂದಿನ ಸಂಪರ್ಕಗಳು ಸವೆದು ಕಿಲುಬು ಹಿಡಿದಾಗ ಹೀಗಾಗುತ್ತದೆ. ನಮ್ಮ ಕರಾವಳಿಯ ತೇವದಲ್ಲಿ ಅದು ಹೊಸ ಸಂಗತಿಯೇನಲ್ಲ. ಆಗ ಆರಂಭವಾದ ಹುಡುಕಾಟ ಒಂದೂವರೆ ವರ್ಷ ಹಿಡಿಯಿತು. ಅದೇ ಕಾರು, ಅದೇ ರಸ್ತೆ, ಅದೇ ಪೆನ್‌ಡ್ರೈವ್. ಪ್ರತಿ ಬಾರಿಯೂ ಮೂರು ಪರೀಕ್ಷೆ: ಒಬ್ಬ ಹಿರಿಯ ಅರ್ಥಧಾರಿಯ ಹತ್ತು ನಿಮಿಷದ ಮಾತು, ಒಂದು ಚೆಂಡೆಯ ಪೀಠಿಕೆ, ಮತ್ತು ಮನೆಯಂಗಳ, ಸೀತಾಂಗೋಳಿ, ತಲಪಾಡಿ ಈ ಮೂರು ಕಡೆಗಳಲ್ಲಿ ಮಂಗಳೂರು ಆಕಾಶವಾಣಿಯ ಎಫ್ಎಂ 100.3ರ ಸ್ಪಷ್ಟತೆ. ಪೆಟ್ಟಿಗೆಯ ಮೇಲಿನ ಅಂಕಿಗಳಿಗಿಂತ ಈ ಮೂರನ್ನೇ ನಾನು ನಂಬಿದೆ.

ಮೊದಲು ಹಾಕಿಸಿದ್ದು 9 ಇಂಚಿನ ಆಂಡ್ರಾಯ್ಡ್ ಪರದೆ. ಕಾಸರಗೋಡು ಪೇಟೆಯ ಅಂಗಡಿಯಲ್ಲಿ ಚೌಕಟ್ಟು, ಹಿಂದಿನ ಕ್ಯಾಮೆರಾ ಎಲ್ಲ ಸೇರಿ ಹನ್ನೊಂದು ಸಾವಿರಕ್ಕೆ ಮುಗಿಯಿತು. ನೋಡಲು ಬಹಳ ಚೆನ್ನಾಗಿತ್ತು. ನನ್ನನ್ನು ಮರುಳು ಮಾಡಿದ್ದು ಅದರ ಕನ್ನಡ. ಹಳೆಯ ಸ್ಟೀರಿಯೊ ಕನ್ನಡದ ಕಡತಗಳ ಹೆಸರನ್ನು ಸಾಲು ಸಾಲು ಚೌಕಗಳಾಗಿ ತೋರಿಸುತ್ತಿತ್ತು. ಹಾಗಾಗಿ ನೂರಾರು ಕೂಟಗಳಿಗೆ ಇಂಗ್ಲಿಷ್ ಅಕ್ಷರಗಳಲ್ಲಿ ಹೆಸರಿಟ್ಟಿದ್ದೆ. ಇಲ್ಲಿ ಒತ್ತಕ್ಷರಗಳೂ ಸರಿಯಾಗಿ ಮೂಡಿದವು. ಪ್ರಸಂಗದ ಹೆಸರನ್ನು ಅಪ್ಪ ಕನ್ನಡಕವಿಲ್ಲದೆ ಓದಿ ಬೆರಳಿನಿಂದ ಒತ್ತಿದ ದಿನ ಹಣ ಸಾರ್ಥಕವಾಯಿತು ಎಂದುಕೊಂಡೆ.

ಆದರೆ ಕಿವಿಗೆ ಸಮಾಧಾನವಾಗಲಿಲ್ಲ. ಮಾತು ಕೊಡದೊಳಗಿನಿಂದ ಬಂದಂತೆ ಕೇಳುತ್ತಿತ್ತು. ಅದರ ಧ್ವನಿ ಹೊಂದಾಣಿಕೆ ಕೆಳದನಿಯನ್ನು ಉಬ್ಬಿಸುವಂತೆಯೇ ಇತ್ತು. ಎಲ್ಲವನ್ನೂ ಸೊನ್ನೆಗೆ ತಂದರೂ ಆ ಉಬ್ಬು ಪೂರ್ತಿ ಹೋಗಲಿಲ್ಲ. ಚೆಂಡೆ ಜೋರಾಗಿಯೇ ಕೇಳುತ್ತಿತ್ತು, ಆದರೆ ಕೋಲು ಚರ್ಮಕ್ಕೆ ತಾಗುವ ಆ ಚುರುಕು ಇರಲಿಲ್ಲ. ರೇಡಿಯೊ ಅಂತೂ ಮನೆಯಂಗಳದಲ್ಲಿ ಬರೀ ಕೊರೆಯುವ ಸದ್ದು. ಗುಡ್ಡದ ಮರೆಯಲ್ಲಿ ಎಫ್ಎಂ ಸೊರಗುವುದು ಸಹಜ ಎಂದು ಅಂಗಡಿಯವರು ಹೇಳಿದರು. ನನಗೆ ಅದು ಒಪ್ಪಿಗೆಯಾಗಲಿಲ್ಲ. ಅದೇ ಅಂಗಳದಲ್ಲಿ ಅದೇ 100.3ನ್ನು ಹಳೆಯ ಸೆಟ್ಟು ಹತ್ತು ವರ್ಷ ಹಿಡಿದಿತ್ತಲ್ಲ!

ಒಂದು ಭಾನುವಾರ ಟಾರ್ಚ್ ಹಿಡಿದು ಚೌಕಟ್ಟನ್ನು ನಾನೇ ಬಿಚ್ಚಿದೆ. ಹಿಂದೆ ತಂತಿಗಳ ಗೊಂಚಲು. ಇವುಗಳ ಬಣ್ಣಕ್ಕೆ ಹೆಚ್ಚಿನ ಕಂಪನಿಗಳು ಪಾಲಿಸುವ ಒಂದು ಕ್ರಮವಿದೆ: ಹಳದಿ ಬ್ಯಾಟರಿಯಿಂದ ಸದಾ ಬರುವ ವಿದ್ಯುತ್ತು, ಕೆಂಪು ಕೀಲಿ ತಿರುಗಿಸಿದಾಗ ಮಾತ್ರ ಬರುವುದು, ಕಪ್ಪು ಅರ್ಥಿಂಗ್. ಬಿಳಿ, ಬೂದು, ಹಸಿರು, ನೇರಳೆ ಜೋಡಿಗಳು ನಾಲ್ಕು ಸ್ಪೀಕರುಗಳಿಗೆ. ಇವೆಲ್ಲ ಸೇರಬೇಕಾದಲ್ಲಿಗೇ ಸೇರಿದ್ದವು. ಒಂದು ನೀಲಿ ತಂತಿ ಮಾತ್ರ ತುದಿಗೆ ಟೇಪು ಸುತ್ತಿಸಿಕೊಂಡು ಮೂಲೆಯಲ್ಲಿ ಮಡಚಿಕೊಂಡಿತ್ತು. ಆಂಟೆನಾಕ್ಕೆ ಹೋಗಬೇಕಾದದ್ದು ಅದು. ನಮ್ಮ ಕಾರಿನ ಚಾವಣಿಯ ಮೇಲಿನ ಗಿಡ್ಡ ಆಂಟೆನಾದ ಬುಡದಲ್ಲಿ ಪುಟ್ಟದೊಂದು ವರ್ಧಕವಿದೆ. ಅದಕ್ಕೆ 12 ವೋಲ್ಟ್ ಸಿಗದಿದ್ದರೆ ಆಂಟೆನಾ ಇದ್ದೂ ಇಲ್ಲದಂತೆ. ಟೇಪು ಬಿಚ್ಚಿ, ತಾಮ್ರದ ಎಳೆಗಳನ್ನು ಕೆರೆದು ಹೊಳಪು ಬರಿಸಿ, ಬೆಸುಗೆ ಹಾಕಿ ಕೀಲಿ ತಿರುಗಿಸಿದೆ. ಕೊರೆಯುವ ಸದ್ದು ಇಳಿದು ಪ್ರಕಟಣೆ ಓದುವವರ ದನಿ ಎದ್ದು ಬಂತು. ಜಗಲಿಯಲ್ಲಿ ಅಡಿಕೆ ಸುಲಿಯುತ್ತಿದ್ದ ಅಪ್ಪ ಅಲ್ಲಿಂದಲೇ "ಹಾಂ, ಮಂಗಳೂರು!" ಎಂದರು. ಅವರಿಗೆ ಮಂಗಳೂರು ಆಕಾಶವಾಣಿ ಎಂದರೆ ಇಂದಿಗೂ 1089. ಮೀಡಿಯಂ ವೇವ್ ಕಾಲದ ಆ ಅಂಕಿಯನ್ನು ಅವರ ನಾಲಿಗೆ ಬಿಟ್ಟಿಲ್ಲ.

ಹೊಸ ಸ್ಟೀರಿಯೊ ಹಾಕಿಸಿದ ಮೇಲೆ ರೇಡಿಯೊ ಸೊರಗಿದೆ ಎನ್ನುವವರು ಸೆಟ್ಟನ್ನು ಬದಲಿಸುವ ಮೊದಲು ಈ ನೀಲಿ ತಂತಿಯನ್ನು ನೋಡಬೇಕು. ಎಷ್ಟೋ ಸಲ ಕೆಲಸ ಅಲ್ಲಿಗೇ ಮುಗಿಯುತ್ತದೆ.

ಆ ಪರದೆಯನ್ನು ಕೊನೆಗೂ ತೆಗೆಸಿದ್ದು ಬ್ಯಾಟರಿಯ ಕಾರಣಕ್ಕೆ. ಮಳೆಗಾಲದ ಆಟಿ ತಿಂಗಳಿನಲ್ಲಿ ಹತ್ತು ದಿನ ಕಾರು ಶೆಡ್ಡಿನಲ್ಲೇ ಇತ್ತು. ಹೊರಡುವ ಬೆಳಿಗ್ಗೆ ಟಿಕ್ ಟಿಕ್ ಎಂದಿತೇ ಹೊರತು ಎಂಜಿನ್ ಏಳಲಿಲ್ಲ. ಪರದೆ ಬೇಗ ಬೆಳಗಲಿ ಎಂದು ಈ ಯಂತ್ರಗಳು ಕೀಲಿ ತೆಗೆದ ಮೇಲೂ ಅರೆನಿದ್ದೆಯಲ್ಲಿ ಇರುತ್ತವೆ. ಮಲ್ಟಿಮೀಟರ್ ಇಟ್ಟು ನೋಡಿದರೆ 70 ಮಿಲಿಆಂಪಿಯರ್ ಹರಿಯುತ್ತಿತ್ತು. ದಿನಕ್ಕೆ 1.7 ಆಂಪಿಯರ್-ಗಂಟೆ, ಹತ್ತು ದಿನಕ್ಕೆ 17. ನಮ್ಮ ಬ್ಯಾಟರಿ 35ರದ್ದು. ಹಳೆಯ ಬ್ಯಾಟರಿಯ ಅರ್ಧ ಹೋದರೆ ಮಳೆಗಾಲದ ಬೆಳಿಗ್ಗೆ ಎಂಜಿನ್ ತಿರುಗಲು ಏನು ಉಳಿಯುತ್ತದೆ? ಅರೆನಿದ್ದೆ ಬೇಡವೆಂದು ಹೊಂದಿಸಿದರೆ ಪರದೆ ಏಳಲು ಮುಕ್ಕಾಲು ನಿಮಿಷ. ಅಷ್ಟರಲ್ಲಿ ನಾನು ಹಿಂದಕ್ಕೆ ತೆಗೆದು ಗೇಟು ದಾಟಿರುತ್ತೇನೆ, ಕ್ಯಾಮೆರಾ ಆಮೇಲೆ ಬರುತ್ತದೆ. ದಿನವೂ ಕಾರು ಓಡಿಸುವವರಿಗೆ, ಚಿತ್ರ ಮತ್ತು ಹಾಡು ಮುಖ್ಯವಾದವರಿಗೆ ಇದು ಕೊಟ್ಟ ಹಣಕ್ಕೆ ಮೋಸವಿಲ್ಲದ ವಸ್ತು. ನಮ್ಮ ಮನೆಗೆ ಅದು ಆಗಿಬರಲಿಲ್ಲ.

ಎರಡನೆಯದು ಎರಡು ವಾರ ಮಾತ್ರ ನಮ್ಮಲ್ಲಿತ್ತು. ಪೆರ್ಲದ ಗೆಳೆಯ ತನ್ನ ಜೀಪಿಗೆಂದು ತಂದಿದ್ದ ತೆಳ್ಳಗಿನ ಸೆಟ್ಟು, 180 ಮಿಲಿಮೀಟರ್ ಅಗಲ, 50 ಎತ್ತರ. ಸಿಂಗಲ್ ಡಿನ್ ಎಂದು ಕರೆಯುವ ಅಳತೆ ಇದು. ಎತ್ತರ ಎರಡು ಪಟ್ಟಾದರೆ ಡಬಲ್ ಡಿನ್. ಸಿ.ಡಿ. ಇಲ್ಲ, ಪರದೆ ಇಲ್ಲ, ಒಂದು ಸಾಲಿನ ಅಕ್ಷರ, ಎಡಕ್ಕೊಂದು ದೊಡ್ಡ ತಿರುಗುಗುಂಡಿ. ಬೆಲೆ ಐದು ಸಾವಿರದೊಳಗೆ. ರೇಡಿಯೊ ಹಿಡಿಯುವುದರಲ್ಲಿ ನಾಲ್ಕರಲ್ಲೂ ಇದೇ ಮೇಲು. ಸೀತಾಂಗೋಳಿಯ ತಿರುವುಗಳಲ್ಲಿ ಉಳಿದವು ತಡವರಿಸಿದರೆ ಇದು ಒಂದೇ ಸಮನೆ ಹಾಡುತ್ತಿತ್ತು. ಕೀಲಿ ತಿರುಗಿಸಿದ ಎರಡನೆಯ ಕ್ಷಣಕ್ಕೆ ದನಿ ಬರುತ್ತಿತ್ತು. ಕನ್ನಡದ ಹೆಸರುಗಳು ಮಾತ್ರ ಮತ್ತೆ ಕಾಣೆಯಾದವು. ಕೂಟ ಯಾವುದೆಂದು ತಿಳಿಯಲು ಹಾಕಿ ಕೇಳಿಯೇ ಗುರುತಿಸಬೇಕು. ಡಬಲ್ ಡಿನ್ ಜಾಗದಲ್ಲಿ ಕೆಳಗೆ ಉಳಿದ ತೂತಿಗೊಂದು ಪ್ಲಾಸ್ಟಿಕ್ ಗೂಡು ಬೇಕಾಯಿತು, ಅದು ಪ್ರತಿ ಹೊಂಡಕ್ಕೂ ಗಲಗಲ ಎಂದಿತು. ಹಾಗಿದ್ದರೂ ಒಬ್ಬರೇ ಓಡಿಸುವ ಕಾರಾಗಿದ್ದರೆ, ನಕ್ಷೆಯ ಹಂಗಿಲ್ಲದಿದ್ದರೆ, ನಾನು ಇದನ್ನೇ ಇಟ್ಟುಕೊಳ್ಳುತ್ತಿದ್ದೆ.

ಗೆಳೆಯ ತನ್ನ ಸೆಟ್ಟನ್ನು ಒಯ್ದ ಮೇಲೆ ಕಾರಿನ ಮೂಲ ಸ್ಟೀರಿಯೊವನ್ನೇ ಮತ್ತೆ ಕೂರಿಸಿದೆ. ಗುಂಡಿಗೆ ಸಂಪರ್ಕ ಶುಚಿಗೊಳಿಸುವ ದ್ರವ ಹಾಕಿದ ಮೇಲೆ ತಕ್ಕಮಟ್ಟಿಗೆ ಮಾತು ಕೇಳುವಂತಾಯಿತು. ಆಗಲೇ ಮುಂದಿನ ಬಾಗಿಲುಗಳ ಒಳಹೊದಿಕೆ ಬಿಚ್ಚಿ ನೋಡಿದ್ದು. ಸ್ಪೀಕರುಗಳ ಕಾಗದದ ಶಂಕುವಿನ ಅಂಚು ಬಿರಿದಿತ್ತು, ಎಡಬಾಗಿಲಿನದಕ್ಕೆ ಬೂಷ್ಟು ಹಿಡಿದಿತ್ತು. ಬಾಗಿಲಿನ ಒಳಗೆ ಮಳೆನೀರು ಇಳಿಯುವುದು ಎಲ್ಲ ಕಾರುಗಳಲ್ಲೂ ಇದ್ದದ್ದೇ. ಗಾಜಿನ ಬದಿಯಿಂದ ಇಳಿದು ಕೆಳಗಿನ ತೂತುಗಳಿಂದ ಹೊರಹೋಗುತ್ತದೆ. ನಮ್ಮಲ್ಲಿ ನಾಲ್ಕು ತಿಂಗಳು ಆ ಗೂಡು ಒಣಗುವುದೇ ಇಲ್ಲ. ಮೂರು ಸಾವಿರದ ಒಂದು ಜೊತೆ, ಪಾಲಿಪ್ರೊಪಿಲೀನ್ ಶಂಕುವಿನ ಆರೂವರೆ ಇಂಚಿನ ಸ್ಪೀಕರು ತಂದು ಹಾಕಿದೆ.

ಇಷ್ಟು ದಿನ ಸ್ಟೀರಿಯೊವನ್ನು ಬೈದದ್ದು ತಪ್ಪೆಂದು ಅಂದೇ ಗೊತ್ತಾಯಿತು. ಅದೇ ಹಳೆಯ ಸೆಟ್ಟು, ಅದೇ ಕ್ಯಾಸೆಟ್ಟಿನ ಕೂಟ. ಅರ್ಥಧಾರಿ ಮಾತಿನ ನಡುವೆ ಉಸಿರು ಎಳೆದುಕೊಳ್ಳುವುದೂ ಕೇಳಿಸಿತು. 'ಸ', 'ಶ', 'ಷ' ಬೇರೆ ಬೇರೆಯಾಗಿ ಕಿವಿಗೆ ಬಿದ್ದವು. ಭಾಗವತರ ಜಾಗಟೆಯ ನಾದ ಕೊನೆಯವರೆಗೂ ಉಳಿಯಿತು. ಕುಂಬಳೆಯಿಂದ ಉಪ್ಪಳದವರೆಗೆ ಅಪ್ಪ ಒಮ್ಮೆಯೂ "ಏನೆಂದರು?" ಎಂದು ಕೇಳಲಿಲ್ಲ. ಹನ್ನೊಂದು ಸಾವಿರ ಕೊಟ್ಟು ಸಿಗದದ್ದು ಮೂರು ಸಾವಿರಕ್ಕೆ ಸಿಕ್ಕಿತ್ತು.

ಪೆಟ್ಟಿಗೆಗಳ ಮೇಲಿನ "50 ವಾಟ್ × 4" ನೋಡಿ ಮರುಳಾಗುವವರಿಗೆ ಇಲ್ಲೊಂದು ಸರಳ ಲೆಕ್ಕ. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಸ್ಪೀಕರಿನ ರೋಧ 4 ಓಮ್. ಈ ವೋಲ್ಟೇಜಿನಿಂದ ದನಿ ಒಡೆಯದಂತೆ ಒಂದು ಸ್ಪೀಕರಿಗೆ ಕೊಡಬಹುದಾದ ಶಕ್ತಿ ಹೆಚ್ಚೆಂದರೆ 26 ವಾಟ್. ಒಳಗಿನ ನಷ್ಟ ಕಳೆದರೆ 20ರ ಆಸುಪಾಸು. ಪ್ರತ್ಯೇಕ ಆಂಪ್ಲಿಫೈಯರ್ ಇಲ್ಲದ ಅಗ್ಗದ ಸೆಟ್ಟಿಗೂ ದುಬಾರಿ ಸೆಟ್ಟಿಗೂ ಈ ಮಿತಿ ಒಂದೇ. 50 ಎನ್ನುವುದು ದನಿ ಪೂರ್ತಿ ಒಡೆದ ಮೇಲಿನ ಅಂಕಿ.

ಹಾಗಿದ್ದ ಮೇಲೆ ನಾಲ್ಕನೆಯದು ಏಕೆ? ಗುಂಡಿ ಎರಡೇ ತಿಂಗಳಲ್ಲಿ ಮತ್ತೆ ಹಟ ಹಿಡಿಯಿತು. ಜೊತೆಗೆ ಹೆದ್ದಾರಿಯ ಆರು ಪಥದ ಕೆಲಸ ಶುರುವಾದಂದಿನಿಂದ ಯಾವ ಸರ್ವಿಸ್ ರಸ್ತೆಗೆ ಎಲ್ಲಿ ಇಳಿಯಬೇಕು ಎನ್ನುವುದು ಹುಟ್ಟಿ ಬೆಳೆದವರಿಗೂ ಗೊಂದಲವಾಗಿತ್ತು, ನಕ್ಷೆ ಬೇಕೆನಿಸಿತು. ಕೊನೆಗೆ ಹೆಸರಾಂತ ಕಂಪನಿಯೊಂದರ 7 ಇಂಚಿನ ಸೆಟ್ಟು ಹಾಕಿಸಿದೆ. ಚೌಕಟ್ಟು, ಸ್ಟೀರಿಂಗ್ ಗುಂಡಿಗಳನ್ನು ಜೋಡಿಸುವ ಸಾಧನ ಎಲ್ಲ ಸೇರಿ ಇಪ್ಪತ್ತೊಂದು ಸಾವಿರ. ಅದಕ್ಕೆ ತನ್ನದೇ ಆದ ಬುದ್ಧಿ ಹೆಚ್ಚಿಲ್ಲ. ಮೊಬೈಲನ್ನು ತಂತಿಯಲ್ಲಿ ಜೋಡಿಸಿದರೆ ಆಂಡ್ರಾಯ್ಡ್ ಆಟೊ ಮೂಲಕ ಮೊಬೈಲಿನದೇ ಚಿತ್ರ ಪರದೆಗೆ ಬರುತ್ತದೆ. ಈ ಕಾರಣಕ್ಕೇ ಒಂದು ವಿಚಿತ್ರ: ಮೊಬೈಲಿನಿಂದ ಹಾಕಿದ ಕೂಟದ ಹೆಸರು ಚಂದದ ಕನ್ನಡದಲ್ಲಿ, ಅದೇ ಕೂಟವನ್ನು ಪೆನ್‌ಡ್ರೈವಿನಿಂದ ಹಾಕಿದರೆ ಚೌಕಗಳಲ್ಲಿ. ಮೊಬೈಲಿನ ಭಾಷೆ ಕನ್ನಡವಾಗಿದ್ದರೆ ನಕ್ಷೆಯೂ ಕನ್ನಡದಲ್ಲೇ ಎಡ ಬಲ ಹೇಳುತ್ತದೆ.

ನನಗೆ ಇದರಲ್ಲಿ ಹಿಡಿಸಿದ್ದು ಪರದೆಯ ಪಕ್ಕದ ನಿಜವಾದ ತಿರುಗುಗುಂಡಿ. ಅಂಗಡಿಯಲ್ಲಿ ಇದಕ್ಕಿಂತ ಎರಡು ಸಾವಿರ ಕಡಿಮೆಗೆ ನುಣುಪು ಗಾಜಿನದ್ದೂ ಇತ್ತು, ಬೇಡವೆಂದೆ. ಅರ್ಥಧಾರಿ ದನಿ ತಗ್ಗಿಸಿದಾಗ ಅಪ್ಪನ ಕೈ ತಾನಾಗಿ ಗುಂಡಿಗೆ ಹೋಗಿ ಎರಡು ಗೆರೆ ಏರಿಸುತ್ತದೆ, ಚೆಂಡೆ ಏರಿದಾಗ ಇಳಿಸುತ್ತದೆ. ಕಣ್ಣು ಮುಚ್ಚಿಕೊಂಡೇ. ಗಾಜಿನ ಮೇಲೆ ಬೆರಳಿಟ್ಟು ಹುಡುಕುವವರಿಗೆ ಇದು ಸಾಧ್ಯವಿಲ್ಲ. ಓಡಿಸುವವನಾದ ನನಗೂ ರಸ್ತೆಯಿಂದ ಕಣ್ಣು ತೆಗೆಯುವ ಕೆಲಸವಿಲ್ಲ.

ಜೋಡಿಸುವಾಗ ಎರಡು ವಿಷಯದಲ್ಲಿ ಪಟ್ಟು ಹಿಡಿದೆ. ಕಾರಿನ ಮೂಲ ತಂತಿಯನ್ನು ಕತ್ತರಿಸಬಾರದು. ಆರುನೂರು ರೂಪಾಯಿಗೆ ಆ ಕಾರಿಗೇ ಹೊಂದುವ ಕಪ್ಲರ್ ಸಿಗುತ್ತದೆ, ಸಿಕ್ಕಿಸಿದರಾಯಿತು. ಹ್ಯಾಂಡ್‌ಬ್ರೇಕಿನ ತಂತಿಯನ್ನು ಅರ್ಥಿಂಗಿಗೆ ಜೋಡಿಸಿ ಓಡುವಾಗಲೂ ವಿಡಿಯೊ ಬರುವಂತೆ ಮಾಡಿಕೊಡುತ್ತೇನೆ ಎಂದು ಅಂಗಡಿಯ ಹುಡುಗ ಪ್ರೀತಿಯಿಂದಲೇ ಹೇಳಿದ. ಖಂಡಿತ ಬೇಡವೆಂದೆ. ಕಾರು ನಿಂತಾಗ ಮಾತ್ರ ವಿಡಿಯೊ ಕಾಣಲಿ ಎಂದೇ ಕಂಪನಿ ಆ ತಂತಿ ಇಟ್ಟಿದೆ.

ರೇಡಿಯೊ ವಿಷಯದಲ್ಲಿ ಇದು ಗೆಳೆಯನ ಸೆಟ್ಟಿಗಿಂತ ಒಂದು ಕೈ ಕೆಳಗೆ, ಮೂಲ ಸ್ಟೀರಿಯೊಗೆ ಸಮ. ಮೊಬೈಲ್ ಚಾರ್ಜರನ್ನು ಸಿಗರೇಟ್ ಲೈಟರಿನ ತೂತಿಗೆ ಸಿಕ್ಕಿಸಿದರೆ 100.3ರಲ್ಲಿ ಸಣ್ಣ ಗುಂಯ್‌ಗುಟ್ಟುವಿಕೆ ಬರುತ್ತದೆ, ಅಗ್ಗದ ಚಾರ್ಜರಿನ ತರಲೆ ಅದು, ತೆಗೆದರೆ ನಿಲ್ಲುತ್ತದೆ. ಅಂದಹಾಗೆ 64 ಜಿ.ಬಿ.ಯ ಪೆನ್‌ಡ್ರೈವ್ ಕೊಂಡವರು ಸೆಟ್ಟು ಅದನ್ನು ಓದದಿದ್ದರೆ ಗಾಬರಿಯಾಗಬೇಡಿ. ಅವು ಸಾಮಾನ್ಯವಾಗಿ ಎಕ್ಸ್‌ಫ್ಯಾಟ್ ರೂಪದಲ್ಲಿ ಬರುತ್ತವೆ, ಹಲವು ಸ್ಟೀರಿಯೊಗಳಿಗೆ ಫ್ಯಾಟ್32 ಮಾತ್ರ ಅರ್ಥವಾಗುತ್ತದೆ. ಕಂಪ್ಯೂಟರಿನಲ್ಲಿ ರೂಪ ಬದಲಿಸಿಕೊಂಡರೆ ಸಾಕು. ಪೆರ್ಲದಿಂದ ಅಡ್ಯನಡ್ಕದ ಕಡೆಗೆ ಹೋಗುವಾಗ ಮೊಬೈಲಿನ ಸಿಗ್ನಲ್ ಬಂದು ಹೋಗಿ ಮಾಡುವುದರಿಂದ ಪೆನ್‌ಡ್ರೈವ್ ನಮಗೆ ಬೇಕೇ ಬೇಕು.

ಕೈಯಲ್ಲಿ ಮೂರು ಸಾವಿರ ಮಾತ್ರ ಇದ್ದವರು ಸ್ಪೀಕರು ಬದಲಿಸಲಿ. ಎಂಟು ಸಾವಿರವಿದ್ದರೆ ಸ್ಪೀಕರಿನ ಜೊತೆ ಗುಂಡಿಯ ತೆಳ್ಳಗಿನ ಸೆಟ್ಟು. ನಕ್ಷೆಯೂ ಬೇಕು, ಅಕ್ಷರವೂ ಕನ್ನಡದಲ್ಲಿರಬೇಕು ಎನ್ನುವವರು ಇಪ್ಪತ್ತರ ಮೇಲೆ ಕೂಡಿಸಿಕೊಳ್ಳುವವರೆಗೆ ಕಾಯಲಿ.

ಹಿಂದಿನ ಬಾಗಿಲುಗಳ ಸ್ಪೀಕರು ಇನ್ನೂ ಹಳೆಯವೇ ಇವೆ. ಎಡಭಾಗದ್ದು ಮದ್ದಳೆಯ ಪೆಟ್ಟಿಗೆ ನಡುಗುತ್ತದೆ. ಸದ್ಯಕ್ಕೆ ಧ್ವನಿಯನ್ನು ಮುಂದಕ್ಕೆ ವಾಲಿಸಿಟ್ಟಿದ್ದೇನೆ. ಪತ್ತನಾಜೆಯ ದಿನ ಕಳೆದು ಯಕ್ಷಗಾನ ಮೇಳಗಳು ವರ್ಷದ ತಿರುಗಾಟ ಮುಗಿಸಿ ಗೆಜ್ಜೆ ಬಿಚ್ಚಿದ ಮೇಲೆ ಊರೂರಲ್ಲಿ ತಾಳಮದ್ದಳೆ ಆರಂಭವಾಗುತ್ತದೆ, ಅಪ್ಪನ ಹೊಸ ಧ್ವನಿಮುದ್ರಣಗಳೂ ಬರುತ್ತವೆ. ಅಷ್ಟರೊಳಗೆ ಆ ಎರಡು ಬಾಗಿಲುಗಳನ್ನೂ ಬಿಚ್ಚಬೇಕು.